ಎದುರುಮನೆಗೆ ಹೋದ ಮೋಸಂಬಿ

ನಮ್ಮ ಹೊಳಲ್ಕೆರೆ ಓಣಿಯಲ್ಲಿ ನನ್ನ ಹೊಟ್ಟೆ ಉರಿಸೋಕೆ ಯಾರೂ ಜಗಳ ತೆಗೀಬೇಕಾಗಿಲ್ಲ. "ಆರಾಮಾ?" ಅಂತ ಕೇಳಿದರೆ ಸಾಕು. ನನ್ನನ್ನು ಕೇಳಿದರೆ "ಆರಾಮ" ಅಂತೀನಿ, ಅಲ್ಲಿಗೆ ಮಾತು ಮುಗೀತು. ಎದುರುಮನೆಯಾಕೆ ಮೊಣಕಾಲಿಂದ ಶುರುಮಾಡಿ ತಲೆಸುತ್ತಿನ ತನಕ ಹೇಳ್ತಾಳೆ. ಕೇಳಿದವರು ಮರುದಿನ ಬ್ರೆಡ್ಡು, ಮೋಸಂಬಿ ಹಿಡ್ಕಂಡು ಆಕೆಯನ್ನು ಮಾತಾಡ್ಸೋಕೆ ಬರ್ತಾರೆ. ನನ್ನ ಹೊಸಲಿಗೆ ಇಷ್ಟು ವರ್ಷದಲ್ಲಿ ಒಂದು ಬ್ರೆಡ್ಡೂ ಬಂದಿಲ್ಲ.

ಬಸ್ಸಿನಲ್ಲಿ

ಇಬ್ಬರೂ ದುರ್ಗಕ್ಕೆ ಹೊರಟಿದ್ವಿ. ಆಕೆ ನಿಧಾನ ಬರ್ತಾಳೆ ಅಂತ ನಾನೇ ಓಡಿ ಬಸ್ಸು ನಿಲ್ಲಿಸಿದೆ. ಕಂಡಕ್ಟರು ಆಕೆಯನ್ನ ಆರಾಮಾ ಅಂತ ಕೇಳಿದ. ಆಕೆ ಮೊಣಕಾಲಿನ ಕಥೆ ತೆಗೆದಳು. ಪಾಪ ಅಂತ ಮುಂದಿನ ಸೀಟಲ್ಲಿದ್ದವನನ್ನ ಎಬ್ಬಿಸಿ ಆಕೆಯನ್ನ ಕೂರಿಸಿದ. ನನಗೂ ಮೊಣಕಾಲು ನೋವು ಕಣಪ್ಪಾ ಅಂದೆ.

"ಅಜ್ಜಿ, ಈಗ ಬಸ್ಸಿಗೆ ಅಡ್ಡ ಓಡಿ ಬಂದೋರು ನೀವೇ ಅಲ್ವಾ?" ಅಂದ.

ದುರ್ಗದ ತನಕ ನಿಂತೇ ಹೋದೆ.

ಫೋನಿನಲ್ಲಿ

ಹಿರಿಯೂರಿನ ಮಗಳು ಫೋನ್ ಮಾಡಿ "ಆರಾಮಾ ಅವ್ವಾ?" ಅಂತಾಳೆ. ನಾನು ಹೂಂ ಅನ್ನೋದರೊಳಗೆ, ಎದುರುಮನೆ ದೊಡ್ಡಮ್ಮನ ಕಾಲು ಹೆಂಗೈತೆ ಅಂತ ಕೇಳ್ತಾಳೆ. ಒಂದು ಸಲ ಸಿಟ್ಟಿಗೆ, ನೀನೇ ಬಂದು ಕೇಳು ಅಂದೆ. ಭಾನುವಾರ ಬಂದೇಬಿಟ್ಟಳು. ನನಗೆ ಹಿಗ್ಗೋ ಹಿಗ್ಗು. ಬಾಗಿಲಲ್ಲಿ ಕಾಯ್ತಾ ನಿಂತೆ. ಆಟೋ ಇಳಿದವಳು ನನಗೆ ಕೈಬೀಸಿ ಎದುರುಮನೆ ಮೆಟ್ಟಿಲು ಹತ್ತಿದಳು.

ಮಂಚದ ಮೇಲೆ

ಕೊನೆಗೆ ನಾನೂ ಒಂದಿನ ಕಂಬಳಿ ಹೊದ್ದು ಮಲಗಿದೆ. ಅತ್ತೆಗೆ ಹುಷಾರಿಲ್ಲ ಅಂತ ಓಣಿಗೆಲ್ಲ ಹೇಳಿ ಬಾ ಅಂತ ಸೊಸೆಯನ್ನ ಕಳಿಸಿದೆ. ಎಲ್ಲರಿಗಿಂತ ಮೊದಲು ಕೋಲೂರಿಕೊಂಡು ಬಂದವಳು ಆಕೆಯೇ. ಬಂದು ನನ್ನ ಮಂಚದ ಮೇಲೇ ಕುಂತಳು. ಹಿಂದೆಯೇ ಓಣಿ ಹೆಂಗಸರು ಬಂದರು, ಕೈಯಲ್ಲಿ ಬ್ರೆಡ್ಡು, ಮೋಸಂಬಿ. ನನ್ನ ಜೀವ ತಣ್ಣಗಾಯಿತು.

"ಅಯ್ಯೋ ಅಕ್ಕಾ, ಈ ಕಾಲಲ್ಲಿ ಯಾಕ್ ಬರಾಕೆ ಹೋದ್ರಿ?" ಅಂತ ಎಲ್ಲರೂ ಆಕೆಯನ್ನ ಸುತ್ತುವರಿದರು. ಆಕೆ ಮೊಣಕಾಲಿಂದ ಶುರುಮಾಡಿದಳು. ತಲೆಸುತ್ತಿಗೆ ಬರೋಷ್ಟರಲ್ಲಿ ಮೋಸಂಬಿ ಆಕೆಯ ಮಡಿಲು ಸೇರಿತ್ತು. ಅಷ್ಟು ಜನಕ್ಕೆ ಸೊಸೆ ಒಬ್ಬಳೇ ಏನು ಮಾಡ್ಯಾಳು ಅಂತ ನಾನೇ ಎದ್ದು ಟೀ ಕಾಯಿಸಿದೆ.

ಲೋಟ ಇಸ್ಕಳೋವಾಗ ಒಬ್ಬಳು ನನ್ನ ಕೈ ಹಿಡಿದು, "ನೀವು ಹೆಂಗಿದೀರಿ ಅಕ್ಕಾ, ಆರಾಮಾ?" ಅಂದಳು. ಎಷ್ಟು ವರ್ಷದಿಂದ ಕಾದಿದ್ದ ಗಳಿಗೆ. ಸೊಂಟನೋವು, ತಲೆನೋವು, ಎದೆಯುರಿ, ಎಲ್ಲಾ ಸಾಲಾಗಿ ಜೋಡಿಸಿ ಇಟ್ಕಂಡಿದ್ದೆ. ಬಾಯಿ ತೆಗೆದೆ.

"ಆರಾಮ ಕಣಮ್ಮಾ" ಅಂದುಬಿಡ್ತು ಈ ಹಾಳು ನಾಲಿಗೆ.

"ಹಂಗಾದ್ರೆ ಎದುರುಮನೆ ಅಕ್ಕಗೆ ಇನ್ನೊಂದು ಲೋಟ ಟೀ ಕೊಡ್ರಿ, ಪಾಪ," ಅಂದಳು ಕೈ ಹಿಡಿದಿದ್ದವಳು.