ಪೊಟ್ಟಣದ ಕಾಗದದಲ್ಲಿ ಒಬ್ಬ ರಾಕ್ಷಸಿ

ಜಿನಸಿನ ಅಂಗಡಿ ಇಟ್ಟವಳು ಓದಲು ಕಲಿತರೆ ಫಜೀತಿಗಳಿಗೆ ಕೊನೆಯಿಲ್ಲ. ನಾನು ಶಾಲೆ ಕಂಡವಳಲ್ಲ. ತಲೆಯ ಮೇಲೆ ಒಣಮೆಣಸು ಹೊತ್ತು ಮಾರಿ, ಬಂದರಿನ ಹತ್ತಿರ ಈ ಅಂಗಡಿ ಮಾಡಿದೆ. ಪೊಟ್ಟಣ ಕಟ್ಟಲು ತೂಕಕ್ಕೆ ತಂದ ಹಳೆ ಪುಸ್ತಕಗಳಿಂದಲೇ ಅಕ್ಷರ ಕಲಿತೆ. ಯಾರೂ ಕಲಿಸಲಿಲ್ಲ, ಯಾರಿಗೂ ಕೈಮುಗಿಯಬೇಕಾಗಿಯೂ ಇಲ್ಲ. ಬರುವ ಹಾಳೆಗಳಲ್ಲಿ ಹೆಚ್ಚಿನವು ರಾಕ್ಷಸರ, ಹಾರುವ ಕುದುರೆಗಳ ಕತೆಗಳು. ಒಂದಕ್ಕೂ ಪೂರ್ತಿ ಮೈ ಇಲ್ಲ.

ಜೀರಿಗೆಯ ಮುಂದಿನ ಹಾಳೆ

ನಿವೃತ್ತ ಹೆಡ್‌ಮಾಸ್ಟರರೊಬ್ಬರು ನಾನು ಓದುವುದನ್ನು ಕಂಡಾಗಲೆಲ್ಲ ಹೇಳುತ್ತಿದ್ದರು: "ಇಂಥ ಸುಳ್ಳು ಓದಿ ಎಂತ ಸಿಗ್ತದೆ ಮಾರಾಯ್ತಿ?"

"ನಿಮಗೆ ನಿಜ ಓದಿ ಸಿಕ್ಕಿದ್ದು ಎಷ್ಟುಂಟು ಮಾಸ್ಟ್ರೇ?" ಎಂದು ನಾನೂ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರೇ ಅಂಗಡಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. "ನಿನ್ನೆಯ ಜೀರಿಗೆ ಕಾಗದದಲ್ಲಿ ರಾಜಕುಮಾರಿಯ ಮೇಲೆ ಕತ್ತಿ ಎತ್ತಿದ್ದಾರೆ. ಮುಂದಿನ ಹಾಳೆ ಉಂಟಾ?"

"ಅದರಲ್ಲಿ ಮೆಂತ್ಯ ಕಟ್ಟಿ ನಿಮ್ಮ ಆಚೆಮನೆಗೆ ಕೊಟ್ಟಾಯ್ತು."

ಆ ಮನೆಗೂ ಮಾಸ್ಟರರಿಗೂ ಬೇಲಿಯ ಜಗಳ, ವರ್ಷಗಳಿಂದ ಮಾತಿಲ್ಲ. ಆ ಸಂಜೆ ಮಾಸ್ಟರರು ಅಲ್ಲಿಗೆ ಹೋಗಿ ಚಿಟಿಕೆ ಮೆಂತ್ಯ ಕೇಳಿದರಂತೆ. ಕಾಗದ ಸಮೇತ.

ಹಿಂಗು ಕಟ್ಟಿದ ಕಾಗದ

ನನ್ನ ಅಂಗಡಿಯಲ್ಲಿ ಮೆಣಸಿನ ತೊಟ್ಟು ಮುರಿಯಲು ಒಬ್ಬ ಬಾಯಮ್ಮ ಬರುತ್ತಿದ್ದರು. ಕೊಂಕಣಿ ಮಾತಾಡುವ ಕ್ರಿಸ್ತಾನರು, ವಿಧವೆ. ಒಬ್ಬನೇ ಮಗ ಹಡಗಿನ ಕೆಲಸಕ್ಕೆ ಹೋದವನು. ಯುದ್ಧ ಶುರುವಾದ ಮೇಲೆ ಸುದ್ದಿಯಿಲ್ಲ. ಅವರ ಬಾಯಿ ಮುಚ್ಚಿಯೇ ಹೋಗಿತ್ತು. ಸುಮ್ಮನೆ ಕೂರುವುದಕ್ಕಿಂತ ಕೇಳಲಿ ಎಂದು ನಾನು ಗಟ್ಟಿಯಾಗಿ ಓದತೊಡಗಿದೆ.

ಒಂದು ಹಾಳೆಯಲ್ಲಿ ವ್ಯಾಪಾರಿಯ ಮಗನ ಹಡಗು ಒಡೆಯಿತು. ಹಾಳೆ ಅಲ್ಲಿಗೇ ಮುಗಿಯಿತು.

"ಮುಂದೆ?" ಎಂದರು ಬಾಯಮ್ಮ. ತಿಂಗಳುಗಳ ಮೇಲೆ ಅವರಾಗಿ ಆಡಿದ ಮೊದಲ ಮಾತು ಅದು.

ಮುಂದಿನ ಹಾಳೆ ಹಿಂಗಿನ ಜೊತೆ ಒಂದು ದೊಡ್ಡ ಮನೆ ಸೇರಿತ್ತು. ಅಂಗಡಿಯ ಬಾಗಿಲು ಹಾಕಿಕೊಂಡು ಓಡಿದೆ.

ಆ ಮನೆಯಾಕೆ ಗಾಬರಿಯಾದರು. "ಹಿಂಗಿಗೆ ಎಂತ ಆಗಿದೆ? ತಿಂದಾಯ್ತಲ್ಲಾ!"

"ಹಿಂಗು ಅಲ್ಲ, ಕಾಗದ ಬೇಕಿತ್ತು."

"ಅದು ಬೆಳಿಗ್ಗೆ ಒಲೆ ಹೊತ್ತಿಸ್ಲಿಕ್ಕೆ ಆಯ್ತು."

ಪಾಪದವನು! ಬಿದ್ದದ್ದು ನೀರಿಗೆ, ಹೋದದ್ದು ಬೆಂಕಿಯಲ್ಲಿ.

ರಾಕ್ಷಸಿಯ ಅಡಿಗೆ

ಬಾಯಮ್ಮನಿಗೆ ಇದನ್ನು ಹೇಳುವುದು ಹೇಗೆ? ಯಾವುದೋ ಹಾಳೆಯನ್ನು ಮುಂದೆ ಹಿಡಿದು ನಾನೇ ಹೇಳಿದೆ: "ಹುಡುಗ ಒಂದು ದ್ವೀಪ ಸೇರಿದ. ಅಲ್ಲಿ ಒಬ್ಬ ರಾಕ್ಷಸಿ. ಅವಳು ಅವನನ್ನು ತಿನ್ನಲಿಲ್ಲ, ಸಾಕಿದಳು."

"ಊಟಕ್ಕೆ ಎಂತ ಹಾಕ್ತಾಳೆ?"

"ಗಂಜಿ, ಚಟ್ನಿ."

ಬಾಯಮ್ಮನಿಗೆ ಸಿಟ್ಟು ಬಂತು. "ಸುತ್ತ ಸಮುದ್ರ ಉಂಟು. ನಾಲ್ಕು ಮೀನು ಹಿಡೀಲಿಕ್ಕೆ ಅವಳಿಗೆ ಎಂತ ದಾಡಿ?"

ಮರುದಿನದಿಂದ ರಾಕ್ಷಸಿ ಬಂಗುಡೆ ಹಿಡಿದಳು. ಆಮೇಲೆ ಹುಡುಗನ ತಲೆಗೆ ಎಣ್ಣೆ ಹಚ್ಚಬೇಕಾಯಿತು, ಅಂಗಿ ಹೊಲಿಯಬೇಕಾಯಿತು. ಒಂದು ದಿನ ಕೋಳಿ ಸಾರು ಮಾಡಿಸಿದೆ. ಬಾಯಮ್ಮ ಕೂಗಿಯೇಬಿಟ್ಟರು: "ಇವತ್ತು ಶುಕ್ರವಾರ! ನಮ್ಮವರು ಮಾಂಸ ತಿನ್ಲಿಕ್ಕಿಲ್ಲ ಅಂತ ಅವಳಿಗೆ ಹೇಳು!"

ಆ ವ್ಯಾಪಾರಿಯ ಮಗ ಯಾವಾಗ ಕ್ರಿಸ್ತಾನರ ಇಗರ್ಜಿಗೆ ಸೇರಿದನೋ, ನಾನು ಕೇಳಲಿಲ್ಲ. ಸಾರನ್ನು ರಾಕ್ಷಸಿಯೇ ಕುಡಿದಳು.

ಪಾದ್ರಿಗಳು ಬಂದದ್ದು

ಕೊನೆಗೆ ಬಂದರಿನಿಂದ ಒಬ್ಬರು ಬಂದು, ಮಗನ ಹಡಗು ಮುಳುಗಿತು, ಯಾರೂ ಉಳಿಯಲಿಲ್ಲ ಎಂದು ಹೇಳಿ ಹೋದರು. ಬಾಯಮ್ಮ ಮೆಣಸಿನ ಕೈಯಲ್ಲೇ ಕಣ್ಣೊರೆಸಿಕೊಂಡರು. ಆಮೇಲೆ ಯಾವ ಕಣ್ಣೀರು ಮೆಣಸಿಗೆ, ಯಾವುದು ಮಗನಿಗೆ ಎಂದು ಹೇಳುವ ಹಾಗಿರಲಿಲ್ಲ.

ಮರುದಿನ ಅವರು ಎಂದಿನಂತೆ ಬಂದು ಕುಳಿತರು. ಸಮಾಧಾನ ಹೇಳಲು ಅವರ ಪಾದ್ರಿಗಳು ಅಂಗಡಿಗೇ ಬಂದರು. ಮಾತೆಲ್ಲ ಕೊಂಕಣಿಯಲ್ಲಿ, ಬಂದರಿನ ಅಂಗಡಿಯವಳಿಗೆ ಅಷ್ಟು ತಿಳಿಯುತ್ತದೆ.

"ಮಗ ದೇವರ ಹತ್ತಿರ ಇದ್ದಾನಮ್ಮಾ," ಎಂದರು ಪಾದ್ರಿಗಳು.

"ಇರಲಿ. ನನಗೊಂದು ಕೇಳ್ಲಿಕ್ಕುಂಟು. ರಾಕ್ಷಸಿಗೆ ಜ್ಞಾನಸ್ನಾನ ಕೊಡ್ಲಿಕ್ಕೆ ಆಗ್ತದಾ?"

ಪಾದ್ರಿಗಳು ನನ್ನ ಕಡೆ ನೋಡಿದರು. ನಾನು ತಕ್ಕಡಿ ಒರೆಸಿದೆ.

"ಯಾವ ರಾಕ್ಷಸಿ?"

"ನನ್ನ ಮಗನಿಗೆ ಊಟ ಹಾಕುವವಳು. ಒಳ್ಳೆಯವಳೇ. ಆದರೆ ದ್ವೀಪದಲ್ಲಿ ಇಬ್ಬರೇ, ಪ್ರಾಯದ ಹುಡುಗ. ನೋಡಿದವರು ಎಂತ ಹೇಳಿಯಾರು? ಮದುವೆ ಮಾಡಿಸಿ ಬಿಡುವುದು ಒಳ್ಳೆಯದು."

ಈಗ ನನಗೆ ಬೈಗುಳ ತಪ್ಪಿದ್ದಲ್ಲ ಎಂದುಕೊಂಡೆ. ಬೈದರೆ ಉತ್ತರವೂ ಸಿದ್ಧವಿತ್ತು. ಪಾದ್ರಿಗಳು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ, "ಮೊದಲು ಅವಳು ಜಪ ಕಲಿಯಬೇಕಮ್ಮಾ," ಎಂದರು.

ಬಾಯಮ್ಮ ನನ್ನತ್ತ ತಿರುಗಿದರು. "ಕೇಳಿತಲ್ಲಾ? ನಾಳೆಯಿಂದ ಕಲಿಸು."

"ನನಗೆ ನಿಮ್ಮ ಜಪ ಎಲ್ಲಿ ಬರ್ತದೆ ಬಾಯಮ್ಮಾ?"

ಪಾದ್ರಿಗಳು ಮೆಣಸಿನ ಗೋಣಿಯ ಮೇಲೆ ಕುಳಿತು ನನಗೆ ಹೇಳಿಕೊಡತೊಡಗಿದರು. ಒಂದು ಸಾಲು ಮುಗಿಯುವುದರೊಳಗೆ ಬಾಯಮ್ಮ ತಡೆದರು.

"ಸ್ವಲ್ಪ ನಿಧಾನ ಹೇಳಿ ಪಾದ್ರಿಗಳೇ. ಅವಳ ಹಲ್ಲು ದೊಡ್ಡದು."