ಅತ್ತೆಯ ಗ್ರಾಮರ್ ಹಾವಳಿ

ನಮ್ಮ ಸೋದರತ್ತೆಯ ಎದುರು ನೀವು ಸುಳ್ಳು ಹೇಳಬಹುದು, ಬೇಕಾದರೆ ಜಗಳವನ್ನೂ ಆಡಬಹುದು. ತಪ್ಪು ಇಂಗ್ಲಿಷ್ ಮಾತ್ರ ಆಡುವಂತಿಲ್ಲ! ಅಪ್ಪನ ಒಬ್ಬಳೇ ತಂಗಿ. ಮದುವೆಯಾಗದೆ ಚಾಮರಾಜಪೇಟೆಯ ನಮ್ಮ ಮನೆಯಲ್ಲೇ ಇದ್ದವರು. ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ನಿವೃತ್ತಿಯಾದದ್ದು ಶಾಲೆಯಿಂದ, ತಿದ್ದುವುದರಿಂದಲ್ಲ. ಶಾಲೆಯ ಮಕ್ಕಳು ಕೈತಪ್ಪಿದ ಮೇಲೆ ತಿದ್ದಲು ಊರನ್ನೇ ಹಿಡಿದುಕೊಂಡರು.

ನನ್ನನ್ನು ನೋಡಲು ಮತ್ತಿಕೆರೆಯಿಂದ ಗಂಡು ಬಂದ ದಿನ ನೆನೆದರೆ ಈಗಲೂ ಬೆವರುತ್ತೇನೆ. ಹುಡುಗ ಉಪ್ಪಿಟ್ಟಿನ ತಟ್ಟೆ ಹಿಡಿದು, ವಿನಯದಿಂದ, "ಐ ಆಮ್ ಹ್ಯಾವಿಂಗ್ ಒನ್ ಸಿಸ್ಟರ್" ಅಂದುಬಿಟ್ಟ.

"ಅಲ್ಲಪ್ಪಾ, ತಂಗಿ ಏನು ಉಪ್ಪಿಟ್ಟಾ, ಹ್ಯಾವಿಂಗ್ ಮಾಡೋಕೆ? ಐ ಹ್ಯಾವ್ ಅನ್ನಿ!" ಎಂದರು ಅತ್ತೆ.

"ಸುಮ್ನಿರೇ, ಹುಡುಗ ಓಡಿಹೋಗ್ತಾನೆ" ಎಂದು ಅಪ್ಪ ಪಿಸುಗುಟ್ಟಿದರು. ಹುಡುಗ ಓಡಲಿಲ್ಲ. ಒಂದು ಚಮಚ ಬಾಯಿಗೆ ಹಾಕಿಕೊಂಡು, "ಸಾರಿ ಮೇಡಂ. ಐ ಹ್ಯಾವ್ ಒನ್ ಸಿಸ್ಟರ್. ಐ ಆಮ್ ಹ್ಯಾವಿಂಗ್ ಉಪ್ಪಿಟ್ಟು" ಅಂದ. ಅತ್ತೆ ನನ್ನ ಅಭಿಪ್ರಾಯ ಕೇಳುವ ಗೋಜಿಗೇ ಹೋಗದೆ, "ಹುಡುಗ ಪಾಸು!" ಎಂದು ಸಾರಿಬಿಟ್ಟರು. ನಾನೂ ಒಪ್ಪಿದೆ, ಅದು ಬೇರೆ ಮಾತು.

ಎಲ್ಲರೂ ಹೀಗೆ ಬಗ್ಗುತ್ತಾರೆಯೇ? ಬಸವನಗುಡಿಯ ಹಲ್ಲಿನ ಡಾಕ್ಟರು ಬಗ್ಗಲಿಲ್ಲ. ಅತ್ತೆಯ ಬಾಯೊಳಗೆ ಇಣುಕಿ, "ಆಲ್ ಯುವರ್ ಟೀತ್ಸ್ ಆರ್ ಶೇಕಿಂಗ್" ಎಂದರು. ಬಾಯಲ್ಲಿದ್ದ ಕನ್ನಡಿಯನ್ನು ಪಕ್ಕಕ್ಕೆ ಸರಿಸಿ ಅತ್ತೆ ಪಾಠ ಶುರುಮಾಡಿದರು: "ಟೀತ್ಸ್ ಅಲ್ಲ ಡಾಕ್ಟ್ರೇ, ಟೀತ್. ಅದೇ ಬಹುವಚನ. ಒಂದೇ ಇದ್ರೆ ಟೂತ್."

"ಹಾಗಾದ್ರೆ ಸ್ವಲ್ಪ ತಡ್ಕೊಳ್ಳಿ ಅಮ್ಮಾ, ಒಂದು ಬಿಟ್ಟು ಉಳಿದಿದ್ದೆಲ್ಲ ಕಿತ್ತು ಟೂತ್ ಮಾಡ್ಬಿಡ್ತೀನಿ!"

ದಾರಿಯುದ್ದಕ್ಕೂ ಅತ್ತೆ ಕೆನ್ನೆ ಹಿಡಿದುಕೊಂಡು ನಕ್ಕರು. "ಒರಟ. ಆದ್ರೆ ವಚನ ಅರ್ಥವಾಗಿದೆ" ಎಂದರು.

ಕಳೆದ ವರ್ಷ ಅಪ್ಪ ತೀರಿಕೊಂಡರು. ಅತ್ತೆ ಅಳಲಿಲ್ಲ, ಮಾತನ್ನೂ ಆಡಲಿಲ್ಲ. ಬಂದವರು ತಮಗೆ ತೋಚಿದ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿ ಹೋದರು, ಅತ್ತೆ ಒಂದನ್ನೂ ತಿದ್ದಲಿಲ್ಲ. ನಮಗೆ ಭಯವಾದದ್ದೇ ಅದಕ್ಕೆ. ಕೊನೆಗೆ ಕುಮಾರ ಪಾರ್ಕಿನಿಂದ ಅಪ್ಪನ ಹಳೆಯ ಗೆಳೆಯರೊಬ್ಬರು ಬಂದರು. ಟೀಚರ್ ಎದುರು ತಪ್ಪಬಾರದೆಂದು ಒಂದೊಂದೇ ಪದ ಜೋಡಿಸಿ, "ಹೀ ವಾಸ್ ಎ ಗುಡ್ ಮ್ಯಾನ್" ಎಂದರು.

ಅತ್ತೆ ತಲೆ ಎತ್ತಿದರು.

"ವಾಸ್ ಅಲ್ಲ. ಈಸ್."

ಆ ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ತಪ್ಪಾಯ್ತಮ್ಮ. ಹೀ ಈಸ್ ಎ ಗುಡ್ ಮ್ಯಾನ್" ಎಂದು ಅತ್ತೆಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. ಆಗ ಅತ್ತೆ ಅತ್ತರು.