ಸಂಜೆ ಆರರೊಳಗೆ ಒಂದು ಬೆಕ್ಕು

ಗಡಿಯಾರ ರಿಪೇರಿಯವನ ಮನೆಗೆ ಬೆಳಗ್ಗೆ ಎಂಟಕ್ಕೆ ಎರಡು ಬುಟ್ಟಿ ಬಂದವು. ಒಂದರಲ್ಲಿ ಪರ್ಷಿಯನ್ ಬೆಕ್ಕು, ಇನ್ನೊಂದರಲ್ಲಿ ಸಯಾಮೀಸ್. ತಂದವರು ಪಶುವೈದ್ಯರು.

"ಇವುಗಳನ್ನ ಸಾಕಿದ್ದೋರು ಊರು ಬಿಟ್ಟರು. ಮನೆಗೆ ಹೊಂದೋದನ್ನ ಇಟ್ಕೊಂಡು, ಇನ್ನೊಂದನ್ನ ಸಂಜೆ ಆರರೊಳಗೆ ಕ್ಲಿನಿಕ್ಕಿಗೆ ತನ್ನಿ. ಅದಕ್ಕೆ ಕಾಯ್ತಾ ಇರೋರಿದ್ದಾರೆ" ಎಂದು ಹೇಳಿ ಹೋದರು.

ಹೆಂಡತಿ ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಜನರ ಪ್ರಶ್ನೆಗೆ ಉತ್ತರಿಸಿ ಸುಸ್ತಾದವಳಿಗೆ ಬೇಕಾದದ್ದು ಮಾತಾಡದ ಪರ್ಷಿಯನ್. ಅಮ್ಮನಿಗೆ ಬೇಕಾದದ್ದು ವಟಗುಟ್ಟುವ ಸಯಾಮೀಸ್. "ಈ ಮನೇಲಿ ನನ್ನ ಜೊತೆ ಮಾತಾಡೋರು ಯಾರಿದ್ದಾರೆ? ಅದಾದ್ರೂ ಮಾತಾಡ್ಲಿ" ಎಂಬುದು ಅವಳ ವಾದ. ಬೆಕ್ಕುಗಳು ಬರುವ ಸುದ್ದಿ ತಿಳಿದಾಗಿನಿಂದ, ಅಂದರೆ ಮೂರು ದಿನದಿಂದ, ಈ ವಿಷಯಕ್ಕೇ ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಅತ್ತ ದರಿ, ಇತ್ತ ಪುಲಿ ಅನ್ನುತ್ತಾರೆ. ಇವನಿಗೆ ಎರಡೂ ಕಡೆ ಪುಲಿಯ ನೆಂಟರೇ.

ಹತ್ತು ಗಂಟೆಗೆ ಪರ್ಷಿಯನ್ ಮೇಜಿನ ಮೇಲೆ ಹತ್ತಿಸಿಟ್ಟ ದಿಂಬಿನಂತೆ ಕೂತಿತು. ಅದರ ಕೂದಲು ಗಿರಾಕಿಯ ಕೈಗಡಿಯಾರದ ಚಕ್ರಕ್ಕೆ ಸುತ್ತಿಕೊಂಡು ಮುಳ್ಳು ನಿಂತುಬಿಟ್ಟಿತು. ಅದನ್ನು ಚಿಮಟದಿಂದ ಬಿಡಿಸುವಷ್ಟರಲ್ಲಿ ಸಯಾಮೀಸ್ ತಿರುಪುಗಳ ತಟ್ಟೆಯನ್ನು ಕೆಡವಿತು. ಇವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮಂಚದ ಕೆಳಗೆ ತೆವಳುತ್ತಿದ್ದಾಗ ಹನ್ನೆರಡಾಯಿತು. ಗೋಡೆಯ ಒಂಬತ್ತು ಗಡಿಯಾರಗಳೂ ಒಟ್ಟಿಗೆ ಬಾರಿಸಿದವು. ಒಂದೊಂದು ಹೊಡೆತಕ್ಕೂ ಸಯಾಮೀಸ್, ಆಸ್ತಿ ಪಾಲಿಗೆ ಬಂದ ಮೈದುನನಂತೆ, ಎದುರುತ್ತರ ಕೊಟ್ಟಿತು.

ಗಲಾಟೆ ಕೇಳಿ ಮಹಡಿ ಮನೆಯ ನಿವೃತ್ತ ಮೇಷ್ಟ್ರು ಇಳಿದು ಬಂದರು.

"ನೋಡಪ್ಪಾ, ಸಂಸಾರಸ್ಥನಿಗೆ ಪರ್ಷಿಯನ್ನೇ ಸರಿ. ಕೂದಲು ಗುಡಿಸಬಹುದು, ಬಾಯಿ ಗುಡಿಸೋಕಾಗುತ್ತಾ? ಈ ಸಯಾಮೀಸನ್ನ ಕೊಟ್ಟುಬಿಡು."

"ಅಮ್ಮನಿಗೆ ಏನು ಹೇಳ್ಲಿ ಮೇಷ್ಟ್ರೇ?"

"ಅಮ್ಮಂದಿರು ಕ್ಷಮಿಸ್ತಾರೆ. ಹೆಂಡತಿ ಲೆಕ್ಕ ಇಡ್ತಾಳೆ."

ಅಡುಗೆಮನೆಯಲ್ಲಿ ಪಕ್ಕದ ಮನೆಯ ಹೊಲಿಗೆಯಕ್ಕ ಪರ್ಷಿಯನ್ನನ್ನು ತೊಡೆಯ ಮೇಲಿಟ್ಟುಕೊಂಡು, ಅಂದು ರಜೆಯಲ್ಲಿದ್ದ ಹೆಂಡತಿಯ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದಳು.

ಮಧ್ಯಾಹ್ನವೆಲ್ಲ ಅವನು ಬಾಗಿಲಿಗೂ ಮೇಜಿಗೂ ಸುತ್ತಿದ. ಒಮ್ಮೆ ಈ ಬುಟ್ಟಿ ಎತ್ತಿದ, ಒಮ್ಮೆ ಆ ಬುಟ್ಟಿ ಎತ್ತಿದ. ಐದೂವರೆಗೆ ಅಮ್ಮನಿಗೆ ಜೋಂಪು ಹತ್ತಿತು. ಎದೆ ಗಟ್ಟಿ ಮಾಡಿಕೊಂಡು ಸಯಾಮೀಸನ್ನು ಬುಟ್ಟಿಗೆ ಹಾಕಿ, ಹಿತ್ತಿಲ ಬಾಗಿಲಿನಿಂದ ಕಳ್ಳನಂತೆ ಹೊರಟ. ದಾರಿಯುದ್ದಕ್ಕೂ ಅದು ಅವನನ್ನು ಬೈದುಕೊಂಡೇ ಬಂತು. ವೈದ್ಯರ ಕೈಗೆ ಕೊಟ್ಟಾಗ ತಲೆಯ ಮೇಲಿನ ಬಂಡೆ ಇಳಿಸಿದಂತಾಯಿತು.

ಹಿಂತಿರುಗಿದಾಗ ಅತ್ತೆ ಸೊಸೆ ಒಂದೇ ಮಂಚದ ಮೇಲೆ ಕೂತು ನಗುತ್ತಿದ್ದರು.

"ರೀ, ನಾನೇ ಸೋತೆ" ಎಂದಳು ಹೆಂಡತಿ. "ವಯಸ್ಸಾದೋರ ಆಸೆಗೆ ಅಡ್ಡ ಬರಬಾರ್ದು ಅಂತ ಹೊಲಿಗೆಯಕ್ಕ ಬುದ್ಧಿ ಹೇಳಿದ್ಲು. ಪರ್ಷಿಯನ್ನನ್ನ ಅವಳಿಗೇ ಕೊಟ್ಟೆ. ಡಾಕ್ಟ್ರಿಗೆ ನೀವೇ ಹೇಳಿಬಿಡಿ. ಅತ್ತೆಯ ಬೆಕ್ಕೆಲ್ಲಿ?"

ಅವನು ಬಾಯಿ ತೆರೆದ. ಉತ್ತರ ಬಂದದ್ದು ಮಹಡಿಯಿಂದ. ಮೆಟ್ಟಿಲ ಮೇಲೆ ಸಯಾಮೀಸ್ ಕೂಗಿತು, ಅದರ ಹಿಂದೆಯೇ ಮೇಷ್ಟ್ರ ದನಿ: "ಬಾ ನನ್ನ ರಾಜಾ, ಡಾಕ್ಟ್ರಿಗೆ ಹೇಳಿಟ್ಟು ಎಷ್ಟು ದಿನದಿಂದ ಕಾಯ್ತಾ ಇದ್ದೆ."

ಆ ಸಂಜೆ ಅತ್ತೆ ಸೊಸೆ ಮೊದಲ ಬಾರಿಗೆ ಒಂದೇ ದನಿಯಲ್ಲಿ ಮಾತಾಡಿದರು. ಅದಷ್ಟೂ ಅವನ ವಿಷಯವೇ ಆಗಿತ್ತು.

ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಹೊಲಿಗೆಯಕ್ಕ, ಕಂಕುಳಲ್ಲಿ ಪರ್ಷಿಯನ್. "ಹೊಲಿಯೋ ಬಟ್ಟೆಗೆಲ್ಲ ಕೂದಲು ಅಂಟುತ್ತಣ್ಣ. ಹಗಲು ಹೊತ್ತು ನಿಮ್ಮಲ್ಲಿರ್ಲಿ."

ಹಿಂದೆಯೇ ಮೇಷ್ಟ್ರು ಬಂದರು. "ಪೇಪರ್ ಓದೋಕೂ ಬಿಡಲ್ಲಪ್ಪ. ಸಂಜೆ ಬಂದು ಕರ್ಕೊಂಡು ಹೋಗ್ತೀನಿ" ಎಂದು ಸಯಾಮೀಸನ್ನು ಅವನ ತೋಳಿಗೆ ದಾಟಿಸಿದರು. ಎರಡು ಮೆಟ್ಟಿಲು ಹತ್ತಿ, ತಿರುಗಿ ಹೇಳಿದರು: "ಜಾಸ್ತಿ ಮುದ್ದು ಮಾಡ್ಬೇಡ. ನಿನ್ನನ್ನ ಹಚ್ಕೊಂಡ್ರೆ ನಮಗೆ ಕಷ್ಟ."